ನಮ್ಮ ಓಣಿಗೂ ನಮ್ಮ ರಕ್ತದ ಸಕ್ಕರೆಗೂ ಏನು ನಂಟು?

ಮಕ್ಕಳೇ, ನವೆಂಬರ್ 14 ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ‘ಮಕ್ಕಳ ದಿನಾಚರಣೆ’ ಎಂದು ಎಲ್ಲರೂ ಒಟ್ಟಿಗೇ ಹೇಳುತ್ತೀರಿ, ಅಲ್ಲವೇ? ಅದೇ ದಿನ ಜಗತ್ತಿನ ಅನೇಕ ದೇಶಗಳಲ್ಲಿ ಇನ್ನೊಂದು ಆಚರಣೆಯೂ ನಡೆಯುತ್ತದೆ. ಅದು ವಿಶ್ವ ಮಧುಮೇಹ ದಿನ. ಇನ್ಸುಲಿನ್ ಎಂಬ ಔಷಧವನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಕೆನಡಾ ದೇಶದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಅವರ ನೆನಪಿಗಾಗಿ ಆ ದಿನವನ್ನು ಆರಿಸಿಕೊಂಡಿದ್ದಾರೆ.

ಮಧುಮೇಹವನ್ನು ಜನ ‘ಸಕ್ಕರೆ ಕಾಯಿಲೆ’ ಎನ್ನುತ್ತಾರೆ, ‘ಶುಗರ್’ ಎಂದೂ ಅನ್ನುತ್ತಾರೆ. ‘ನಮ್ಮ ಅಜ್ಜಗ ಶುಗರ್ ಅದ, ಚಾಕ್ಕ ಸಕ್ಕರಿ ಹಾಕಬ್ಯಾಡ್ರಿ’ ಎಂಬ ಮಾತನ್ನು ನೀವು ಕೇಳಿರಬಹುದು. ಹಾಗಾಗಿ ಇದು ಅಜ್ಜ ಅಜ್ಜಿಯರಿಗೆ ಬರುವ ಕಾಯಿಲೆ ಎಂದು ನಾವು ತಿಳಿದಿರುತ್ತೇವೆ. ಆದರೆ ಇನ್ಸುಲಿನ್ ಚುಚ್ಚುಮದ್ದಿನ ಚಿಕಿತ್ಸೆ ಮೊದಲು ಪಡೆದದ್ದು ಅಜ್ಜನಲ್ಲ, 14 ವರ್ಷದ ಒಬ್ಬ ಹುಡುಗ! ಅವನ ಹೆಸರು ಲಿಯೊನಾರ್ಡ್ ಥಾಂಪ್ಸನ್. 1922ರ ಜನವರಿಯಲ್ಲಿ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಅವನು ಸಾಯುವ ಸ್ಥಿತಿಯಲ್ಲಿದ್ದ. ಇನ್ಸುಲಿನ್ ಅವನನ್ನು ಬದುಕಿಸಿತು.

ಅಂದರೆ ಮಧುಮೇಹ ಮಕ್ಕಳಿಗೂ ಬರುತ್ತದೆ. ಅದು ಬರುವುದಕ್ಕೂ ನಾವು ವಾಸಿಸುವ ಓಣಿ, ಊರು, ಅಂಗಡಿ, ಆಟದ ಬಯಲುಗಳಿಗೂ ಏನಾದರೂ ಸಂಬಂಧವಿದೆಯೇ? ಬನ್ನಿ, ತಿಳಿಯೋಣ.

ರಕ್ತವೆಂಬ ಕಾಲುವೆ

ನಾವು ತಿಂದ ರೊಟ್ಟಿ, ಅನ್ನ, ಬಾಳೆಹಣ್ಣು ಎಲ್ಲವೂ ಹೊಟ್ಟೆ ಮತ್ತು ಕರುಳಿನಲ್ಲಿ ಜೀರ್ಣವಾಗುತ್ತವೆ. ಅವುಗಳಲ್ಲಿರುವ ಪಿಷ್ಟವು ಗ್ಲೂಕೋಸ್ ಎಂಬ ಸಣ್ಣ ಸಕ್ಕರೆಯಾಗಿ ರಕ್ತ ಸೇರುತ್ತದೆ. ಗ್ಲೂಕೋಸ್ ನಮ್ಮ ದೇಹದ ಇಂಧನ. ಓಡುವುದಕ್ಕೆ, ಓದುವುದಕ್ಕೆ, ನಿದ್ದೆಯಲ್ಲಿ ಉಸಿರಾಡುವುದಕ್ಕೂ ಅದು ಬೇಕು.

ರಾಯಚೂರು ಜಿಲ್ಲೆಯ ಮಕ್ಕಳಿಗೆ ಕಾಲುವೆ ಹೊಸದಲ್ಲ. ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಕಾಲುವೆಯಲ್ಲಿ ನೀರು ತುಂಬಿ ಹರಿದರಷ್ಟೇ ಬೆಳೆ ಬರುತ್ತದೆಯೇ? ಇಲ್ಲ. ತೂಬು ತೆರೆಯಬೇಕು, ನೀರು ಹೊಲಕ್ಕೆ ಹೋಗಬೇಕು. ನಮ್ಮ ದೇಹದಲ್ಲಿ ರಕ್ತವೇ ಕಾಲುವೆ. ಗ್ಲೂಕೋಸ್ ಅದರಲ್ಲಿ ಹರಿಯುವ ನೀರು. ಸ್ನಾಯು, ಯಕೃತ್ತು ಮುಂತಾದವುಗಳ ಜೀವಕೋಶಗಳು ಹೊಲಗಳು. ತೂಬು ತೆರೆಯುವವನೇ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಎಂಬ ಅಂಗ ಅದನ್ನು ತಯಾರಿಸುತ್ತದೆ.

ನಿಮಗೆ ಗೊತ್ತೇ? ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಊಟಕ್ಕೆ ಮುಂಚೆ ಅಷ್ಟೂ ರಕ್ತದಲ್ಲಿ ಇರುವ ಗ್ಲೂಕೋಸ್ ಸುಮಾರು ಒಂದು ಚಹಾ ಚಮಚದಷ್ಟು ಮಾತ್ರ! ನಾವು ಎಷ್ಟು ತಿಂದರೂ ಆ ಮಟ್ಟ ಹೆಚ್ಚು ಏರದಂತೆ ಇನ್ಸುಲಿನ್ ನೋಡಿಕೊಳ್ಳುತ್ತದೆ.

ತೂಬು ತೆರೆಯದೆ ಹೋದರೆ ಏನಾಗುತ್ತದೆ? ಕಾಲುವೆ ತುಂಬಿ ಹರಿಯುತ್ತದೆ, ಹೊಲ ಮಾತ್ರ ಒಣಗುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಜೀವಕೋಶಗಳು ಹಸಿದಿರುತ್ತವೆ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ. ಅಂಥ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ದೇಶದ ಪ್ರಾಚೀನ ವೈದ್ಯರು ಗಮನಿಸಿದ್ದರು. ‘ಮಧುಮೇಹ’ ಎಂಬ ಹೆಸರಿನಲ್ಲಿಯೇ ‘ಮಧು’ ಅಂದರೆ ಜೇನು ಇದೆ, ನೋಡಿ. ರಕ್ತದಲ್ಲಿ ಸಕ್ಕರೆ ಬಹಳ ವರ್ಷ ಹೆಚ್ಚಾಗಿಯೇ ಉಳಿದರೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳು ಹಾಳಾಗುತ್ತವೆ.

ಎರಡು ಬಗೆಯ ಮಧುಮೇಹ

ತೂಬು ತೆರೆಯದಿರಲು ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯ ಬಗೆಯಲ್ಲಿ ತೂಬು ತೆರೆಯುವವನೇ ಇರುವುದಿಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ನಾಶಮಾಡುತ್ತದೆ. ಇದು ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಲಿಯೊನಾರ್ಡ್‌ಗೆ ಇದ್ದದ್ದು ಇದೇ. ಕರ್ನಾಟಕದಲ್ಲಿ 1995ರಿಂದ ಇಂಥ ಮಕ್ಕಳ ಲೆಕ್ಕ ಇಟ್ಟ ವೈದ್ಯರು, ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು 4 ಮಂದಿಗೆ ಇದು ಹೊಸದಾಗಿ ಬರುತ್ತದೆ ಎಂದು ಕಂಡುಕೊಂಡರು. ಒಂದು ಮಾತನ್ನು ಚೆನ್ನಾಗಿ ನೆನಪಿಡಿ: ಇದು ಸಿಹಿ ತಿಂದದ್ದರಿಂದ ಬರುವುದಿಲ್ಲ. ತಾಯಿಯ ತಪ್ಪಿನಿಂದಲೂ ಅಲ್ಲ, ಮಗುವಿನ ತಪ್ಪಿನಿಂದಲೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಎರಡನೆಯ ಬಗೆಯಲ್ಲಿ ತೂಬು ತೆರೆಯುವವನು ಇದ್ದಾನೆ, ಆದರೆ ತೂಬಿಗೆ ತುಕ್ಕು ಹಿಡಿದಿದೆ. ಇನ್ಸುಲಿನ್ ಬಂದರೂ ಜೀವಕೋಶಗಳು ಸರಿಯಾಗಿ ತೆರೆಯುವುದಿಲ್ಲ. ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಕಳಿಸುತ್ತದೆ. ಕೊನೆಗೆ ಅದೂ ದಣಿಯುತ್ತದೆ. ಅಜ್ಜ ಅಜ್ಜಿಯರಿಗೆ ಬರುವುದು ಹೆಚ್ಚಾಗಿ ಇದೇ. ಈಗ ಇದು ಹದಿಹರೆಯದವರಲ್ಲಿಯೂ ಕಾಣುತ್ತಿದೆ. 2016ರಿಂದ 2018ರವರೆಗೆ ನಮ್ಮ ದೇಶದಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿದರು. 5ರಿಂದ 19 ವರ್ಷದ 100 ಮಕ್ಕಳಲ್ಲಿ ಸುಮಾರು 10 ಮಂದಿಯ ರಕ್ತದಲ್ಲಿ ಸಕ್ಕರೆ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿತ್ತು. ಇದು ಮಧುಮೇಹವಲ್ಲ, ಅದಕ್ಕೆ ಮುಂಚಿನ ಹಂತ. ಈ ಹಂತದಿಂದ ಹಿಂದಕ್ಕೆ ಬರಲು ಸಾಧ್ಯವಿದೆ.

ತೂಬಿಗೆ ತುಕ್ಕು ಹಿಡಿಯಲು ಮನೆತನದಿಂದ ಬಂದ ಗುಣ ಒಂದು ಕಾರಣ. ಆಹಾರ, ಆಟ, ನಿದ್ದೆ ಇನ್ನಿತರ ಕಾರಣಗಳು. ಈ ಕಾರಣಗಳು ನಮ್ಮ ಓಣಿಯೊಂದಿಗೆ ಹೆಣೆದುಕೊಂಡಿವೆ.

ಒಂದೇ ಮನೆತನ, ಎರಡು ಓಣಿ

ಹೀಗೊಂದು ಕಲ್ಪನೆ ಮಾಡಿಕೊಳ್ಳಿ. ಮಹಾಲಕ್ಷ್ಮಿ ಗುಡಿಗೆ ಹೆಸರಾದ ಕಲ್ಲೂರಿನಲ್ಲಿ ಒಬ್ಬ ಹುಡುಗನಿದ್ದಾನೆ. ಅವನ ದೊಡ್ಡಪ್ಪನ ಮಗ ರಾಯಚೂರು ನಗರದಲ್ಲಿದ್ದಾನೆ. ಇಬ್ಬರೂ ಏಳನೆಯ ತರಗತಿ. ಇಬ್ಬರಿಗೂ ಅಜ್ಜ ಒಬ್ಬರೇ, ಇಬ್ಬರಿಗೂ ಮಿರ್ಚಿ ಭಜಿ ಎಂದರೆ ಪ್ರಾಣ.

ಕಲ್ಲೂರಿನ ಹುಡುಗ ಶಾಲೆಗೆ ನಡೆದು ಹೋಗುತ್ತಾನೆ. ಮಧ್ಯಾಹ್ನ ಶಾಲೆಯಲ್ಲಿಯೇ ಬಿಸಿಯೂಟ. ಸಂಜೆ ಲಗೋರಿ, ಖೋ ಖೋ, ಚಿಣ್ಣಿದಾಂಡು. ರಾತ್ರಿ ಜೋಳದ ರೊಟ್ಟಿ, ಹೆಸರುಕಾಳು, ಪುಂಡಿ ಪಲ್ಯ. ನಗರದ ಹುಡುಗನ ಮನೆಯ ಮುಂದೆ ಲಾರಿ, ಬಸ್ಸುಗಳ ಓಡಾಟ. ‘ರಸ್ತೆಗೆ ಹೋಗಬೇಡ’ ಎಂದು ಅಮ್ಮ ಹೇಳುತ್ತಾರೆ. ಅವರು ಹೇಳುವುದು ಸರಿಯೇ. ಹಾಗಾಗಿ ಅವನು ಶಾಲೆಗೆ ಆಟೋದಲ್ಲಿ ಹೋಗುತ್ತಾನೆ, ಸಂಜೆ ಟಿ.ವಿ. ಅಥವಾ ಮೊಬೈಲ್ ಮುಂದೆ ಕೂರುತ್ತಾನೆ. ಮನೆಯ ಕೆಳಗೇ ಅಂಗಡಿ. ಐದು ಹತ್ತು ರೂಪಾಯಿಗೆ ಚಿಪ್ಸ್ ಸಿಗುತ್ತದೆ.

ಈಗ ಹೇಳಿ, ನಗರದ ಹುಡುಗ ಸೋಮಾರಿಯೇ? ಅಲ್ಲ! ಇಬ್ಬರ ಓಣಿಗಳನ್ನು ಅದಲುಬದಲು ಮಾಡಿದರೆ ಅಭ್ಯಾಸಗಳೂ ಬದಲಾಗಬಹುದು. ನಾವು ಏನು ತಿನ್ನುತ್ತೇವೆ, ಎಷ್ಟು ಓಡಾಡುತ್ತೇವೆ ಎಂಬುದನ್ನು ನಾವೊಬ್ಬರೇ ತೀರ್ಮಾನಿಸುವುದಿಲ್ಲ. ಓಣಿಯೂ ತೀರ್ಮಾನಿಸುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ನಗರಗಳಲ್ಲಿ 100 ವಯಸ್ಕರಲ್ಲಿ 16 ಮಂದಿಗೆ, ಹಳ್ಳಿಗಳಲ್ಲಿ 9 ಮಂದಿಗೆ ಮಧುಮೇಹ ಇತ್ತು. ಹಾಗಾದರೆ ಹಳ್ಳಿಯವರು ನಿಶ್ಚಿಂತೆಯಿಂದ ಇರಬಹುದೇ? ಅವಸರ ಬೇಡ. ಮಧುಮೇಹಕ್ಕೆ ಮುಂಚಿನ ಹಂತದಲ್ಲಿ ಇರುವವರನ್ನು ಲೆಕ್ಕ ಹಾಕಿದಾಗ ನಗರ, ಹಳ್ಳಿ ಎರಡರಲ್ಲೂ 100ಕ್ಕೆ ಸುಮಾರು 15 ಮಂದಿ! ಹಳ್ಳಿಯ ಓಣಿಯೂ ಬದಲಾಗುತ್ತಿದೆ. ಕಲ್ಪನೆಯ ಕಲ್ಲೂರಿನಲ್ಲಿ ನಾವು ಕಂಡ ಅಂಗಡಿ, ಆಟದ ಬಯಲು ನಿಜವಾದ ಕಲ್ಲೂರಿನಲ್ಲಿ ಹೇಗಿವೆ ಎಂಬುದನ್ನು ಅಲ್ಲಿನ ಮಕ್ಕಳೇ ನೋಡಿ ಹೇಳಬೇಕು.

ವಿಜ್ಞಾನಿಗಳು ಹೇಗೆ ಪತ್ತೆ ಮಾಡಿದರು?

ಊರಿನಲ್ಲಿ ಕೊಡೆಗಳು ಹೆಚ್ಚು ಕಾಣಿಸಿದ ದಿನ ಮಳೆಯೂ ಬಂದಿರುತ್ತದೆ. ಹಾಗೆಂದು ಕೊಡೆಗಳೇ ಮಳೆ ತರಿಸಿದವು ಎನ್ನಲಾಗುತ್ತದೆಯೇ? ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಆದ್ದರಿಂದ ಓಣಿಗೂ ಮಧುಮೇಹಕ್ಕೂ ಇರುವ ನಂಟನ್ನು ವಿಜ್ಞಾನಿಗಳು ಎಚ್ಚರಿಕೆಯಿಂದ ಪರೀಕ್ಷಿಸಬೇಕಾಯಿತು.

ಒಂದು ಸುಳಿವು ಸಿಕ್ಕಿದ್ದು ಪೀಮಾ ಎಂಬ ಬುಡಕಟ್ಟಿನ ಜನರಿಂದ. ಇವರಲ್ಲಿ ಕೆಲವರು ಅಮೆರಿಕದ ಅರಿಜೋನಾದಲ್ಲಿ, ಇನ್ನು ಕೆಲವರು ಪಕ್ಕದ ಮೆಕ್ಸಿಕೋ ದೇಶದ ಗುಡ್ಡಗಾಡಿನಲ್ಲಿ ವಾಸಿಸುತ್ತಾರೆ. ಅರಿಜೋನಾದ ಪೀಮಾ ಜನರೂ ಮೊದಲು ಹೀಲಾ ನದಿಯಿಂದ ಕಾಲುವೆ ತೋಡಿ ಮುಸುಕಿನ ಜೋಳ, ಅವರೆ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದ ರೈತರೇ. ಸುಮಾರು 150 ವರ್ಷಗಳ ಹಿಂದೆ ಮೇಲ್ಭಾಗದಲ್ಲಿ ಬಂದು ನೆಲೆಸಿದವರು ಆ ನದಿಯ ನೀರನ್ನು ತಿರುಗಿಸಿಕೊಂಡರು. ಹೊಲಗಳು ಒಣಗಿದವು. ದುಡಿಮೆ ತಪ್ಪಿತು. ಕಾಳು, ಕಾಯಿಪಲ್ಲೆಯ ಜಾಗಕ್ಕೆ ಬಿಳಿ ಹಿಟ್ಟು, ಸಕ್ಕರೆ, ಕೊಬ್ಬು ಬಂದವು. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅರಿಜೋನಾದಲ್ಲಿ 100 ವಯಸ್ಕರಲ್ಲಿ 38 ಮಂದಿಗೆ ಎರಡನೆಯ ಬಗೆಯ ಮಧುಮೇಹವಿತ್ತು. ಮೆಕ್ಸಿಕೋದ ಗುಡ್ಡದಲ್ಲಿ ಕೈಯಿಂದಲೇ ಬೇಸಾಯ ಮಾಡುತ್ತಿದ್ದ ಅವರದೇ ಬಳಗದಲ್ಲಿ 7 ಮಂದಿಗೆ ಮಾತ್ರ! ಮಕ್ಕಳಿಗೂ ಎರಡನೆಯ ಬಗೆಯ ಮಧುಮೇಹ ಬರುತ್ತದೆ ಎಂದು ವೈದ್ಯರು ಮೊದಮೊದಲು ಕಂಡದ್ದು ಅರಿಜೋನಾದ ಪೀಮಾ ಮಕ್ಕಳಲ್ಲಿಯೇ.

ಆದರೂ ಒಂದು ಸಂದೇಹ ಉಳಿಯುತ್ತದೆ. ಎರಡು ಕಡೆಯ ಜನರಲ್ಲಿ ನಮಗೆ ಕಾಣದ ಬೇರೆ ವ್ಯತ್ಯಾಸವೂ ಇದ್ದಿರಬಹುದಲ್ಲವೇ? ಇದಕ್ಕೆ ಉತ್ತರ ಕೊಟ್ಟದ್ದು ಅಮೆರಿಕದ ಸರ್ಕಾರ ನಡೆಸಿದ ಒಂದು ಪ್ರಯೋಗ. 1994ರಿಂದ 1998ರವರೆಗೆ ಐದು ದೊಡ್ಡ ನಗರಗಳ ಬಡ ಬಡಾವಣೆಗಳಲ್ಲಿದ್ದ ಸಾವಿರಾರು ಕುಟುಂಬಗಳ ಹೆಸರುಗಳಲ್ಲಿ ಚೀಟಿ ಎತ್ತಿದ ಹಾಗೆ ಆಯ್ಕೆ ಮಾಡಿದರು. ಕೆಲವರಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಮನೆ ಬದಲಿಸಲು ನೆರವು ಕೊಟ್ಟರು. ಉಳಿದವರಿಗೆ ಆ ನೆರವು ಸಿಗಲಿಲ್ಲ. ಚೀಟಿಗೆ ಯಾರು ಜಾಣರು, ಯಾರು ಸಿಹಿ ಪ್ರಿಯರು ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಎರಡೂ ಗುಂಪುಗಳು ಶುರುವಿನಲ್ಲಿ ಸಮನಾಗಿದ್ದವು. 10ರಿಂದ 15 ವರ್ಷಗಳ ನಂತರ ಆ ಮನೆಗಳ ತಾಯಂದಿರ ರಕ್ತ ಪರೀಕ್ಷಿಸಿದರು. ನೆರವು ಸಿಗದ ಗುಂಪಿನಲ್ಲಿ 100ಕ್ಕೆ ಸುಮಾರು 20 ಮಂದಿಯ ರಕ್ತದಲ್ಲಿ ಸಕ್ಕರೆ ಮಧುಮೇಹದ ಮಟ್ಟದಲ್ಲಿತ್ತು. ನೆರವು ಸಿಕ್ಕಿದ ಗುಂಪಿನಲ್ಲಿ ಅದಕ್ಕಿಂತ 4 ಮಂದಿ ಕಡಿಮೆ. ಬದಲಾದದ್ದು ಬಡಾವಣೆ ಮಾತ್ರ!

ಇನ್ನು ಮಕ್ಕಳ ವಿಷಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಬ್ರಿಟನ್ನಿನಲ್ಲಿ ಸಕ್ಕರೆಯನ್ನು ಪಡಿತರ ಚೀಟಿಯ ಮೇಲೆ ಅಳೆದು ಕೊಡುತ್ತಿದ್ದರು. 1953ರ ಸೆಪ್ಟೆಂಬರಿನಲ್ಲಿ ಆ ನಿರ್ಬಂಧ ಹೋಯಿತು. ಜನ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನಿರ್ಬಂಧ ಹೋಗುವುದಕ್ಕೆ ಸ್ವಲ್ಪ ಮುಂಚೆ ಹುಟ್ಟಿದವರು ಮತ್ತು ಸ್ವಲ್ಪ ನಂತರ ಹುಟ್ಟಿದವರು ಈಗ ಮುದುಕರಾಗಿದ್ದಾರೆ. ವಿಜ್ಞಾನಿಗಳು ಇವರನ್ನು ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಯ ಗರ್ಭದಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷ ಕಡಿಮೆ ಸಕ್ಕರೆ ಇದ್ದ ಕಾಲದಲ್ಲಿ ಬೆಳೆದವರಿಗೆ ಎರಡನೆಯ ಬಗೆಯ ಮಧುಮೇಹದ ಅಪಾಯ ಸುಮಾರು 35 ಪ್ರತಿಶತ ಕಡಿಮೆಯಿತ್ತು. ಅಂಗಡಿಯಲ್ಲಿ ಏನು, ಎಷ್ಟು ಸಿಗುತ್ತದೆ ಎಂಬುದರ ಗುರುತು ಮಗುವಿನ ದೇಹದಲ್ಲಿ ಎಷ್ಟು ಕಾಲ ಉಳಿಯಿತು ನೋಡಿ!

ಹುಟ್ಟುವ ಮುಂಚಿನ ಓಣಿ

ನಾವು ವಾಸಿಸಿದ ಮೊಟ್ಟಮೊದಲ ಓಣಿ ಯಾವುದು? ತಾಯಿಯ ಗರ್ಭ. ಈ ಬಗ್ಗೆ ನಮ್ಮ ರಾಜ್ಯದಲ್ಲಿಯೇ ಮಹತ್ವದ ಸಂಶೋಧನೆ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ 1997–98ರಲ್ಲಿ ಬಂದ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ವೈದ್ಯರು ಅಳೆದರು. ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಬಿಡದೆ ಪರೀಕ್ಷಿಸುತ್ತ ಬಂದರು. ಗರ್ಭಿಣಿಯಾಗಿದ್ದಾಗ ಮಧುಮೇಹವಿದ್ದ ತಾಯಂದಿರ ಮಕ್ಕಳಿಗೆ 9 ವರ್ಷ ದಾಟುವ ಹೊತ್ತಿಗೆ ಮೈಯಲ್ಲಿ ಕೊಬ್ಬು ಹೆಚ್ಚಿತ್ತು. ಅವರ ಜೀವಕೋಶಗಳ ತೂಬುಗಳು ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುತ್ತಿರಲಿಲ್ಲ.

ತಾಯಿಗೆ ಸಾಕಷ್ಟು ಊಟ ಸಿಗದಿದ್ದರೂ ತೊಂದರೆಯೇ. ಪುಣೆಯ ಹತ್ತಿರದ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5 ಕಿಲೋ ಎಂದು ವಿಜ್ಞಾನಿಗಳು ಕಂಡರು. ನಮ್ಮ ಕೂಸುಗಳು ತೆಳ್ಳಗಿದ್ದವು. ಆದರೆ ಕಡಿಮೆಯಾಗಿದ್ದುದು ಹೆಚ್ಚಾಗಿ ಸ್ನಾಯು. ಕೊಬ್ಬು ಅಷ್ಟೇನೂ ಕಡಿಮೆಯಾಗಿರಲಿಲ್ಲ. ಸಕ್ಕರೆಯನ್ನು ಹೆಚ್ಚು ಬಳಸುವುದು ಸ್ನಾಯುಗಳು. ಸ್ನಾಯು ಕಡಿಮೆಯೆಂದರೆ ಕಾಲುವೆಗೆ ಹೊಲ ಕಡಿಮೆ. ಇಂಥ ಮಗು ಬೆಳೆದ ಮೇಲೆ ಸಿಹಿ ಮತ್ತು ಎಣ್ಣೆ ತಿಂಡಿ ಹೇರಳವಾಗಿ ಸಿಗುವ, ಓಡಾಟ ಕಡಿಮೆಯಿರುವ ಓಣಿಗೆ ಬಂದರೆ ಅದರ ಅಪಾಯ ಹೆಚ್ಚುತ್ತದೆ.

ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯವಾದ ಮಾತು. ರಾಯಚೂರು ಜಿಲ್ಲೆಯಲ್ಲಿ ತೂಕ ಕಡಿಮೆಯಿರುವ ಮಕ್ಕಳು ಅನೇಕರಿದ್ದಾರೆ. ‘ಸಣಕಲು ಹುಡುಗ, ಇವನಿಗೆಲ್ಲಿಯ ಶುಗರ್?’ ಎನ್ನುವಂತಿಲ್ಲ. ಹಸಿವು ಮತ್ತು ಮಧುಮೇಹ ಬೇರೆ ಬೇರೆ ಊರಿನವಲ್ಲ, ಒಂದೇ ಓಣಿಯಲ್ಲಿ ಅಕ್ಕಪಕ್ಕ ಇರಬಲ್ಲವು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ‘ಮಾತೃಪೂರ್ಣ’ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಆರಂಭವಾಯಿತು. ತಾಯಿಯ ಹೊಟ್ಟೆ ತುಂಬಿದರೆ ಮುಂದೆ ಹುಟ್ಟುವ ಮಗುವಿಗೂ ಅದು ರಕ್ಷಣೆ.

ಓಣಿಯಲ್ಲಿ ಏನೇನು ನೋಡಬೇಕು?

ಆಟದ ಜಾಗ: ಓಡುವಾಗ, ಜಿಗಿಯುವಾಗ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ತಾವಾಗಿಯೇ ತೂಬು ತೆರೆದು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಆಟ ಮುಗಿದ ಮೇಲೂ ಕೆಲವು ಗಂಟೆ ತೂಬುಗಳು ಸಡಿಲವಾಗಿರುತ್ತವೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಬಯಲು ಬೇಕು. ರಾಯಚೂರಿನ ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ಆದ್ದರಿಂದ ನೆರಳೂ ಬೇಕು. ಹೆಣ್ಣುಮಕ್ಕಳಿಗೂ ಆ ಬಯಲಿನಲ್ಲಿ ಆಡಲು ಅವಕಾಶ ಬೇಕು.

ಅಂಗಡಿ: ಶಾಲೆಯ ಹತ್ತಿರದ ಅಂಗಡಿಯಲ್ಲಿ ಹುರಿಗಡಲೆ, ಶೇಂಗಾ, ಬಾಳೆಹಣ್ಣು ಸಿಗುತ್ತವೆಯೇ? ಅಥವಾ ಬಣ್ಣದ ಪೊಟ್ಟಣಗಳು ಮಾತ್ರವೇ? ಅನೇಕ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 200 ಮಿಲಿಲೀಟರ್ ಬಾಟಲಿಯಲ್ಲಿ ಎಷ್ಟಾಯಿತು? 20 ಗ್ರಾಂ. ಚಮಚಕ್ಕೆ 4 ಗ್ರಾಂ ಎಂದರೆ 5 ಚಮಚ! ಮನೆಯಲ್ಲಿ ಒಂದು ಲೋಟ ನೀರಿಗೆ 5 ಚಮಚ ಸಕ್ಕರೆ ಹಾಕಿ ಕುಡಿಯುತ್ತೀರಾ?

ಕುಡಿಯುವ ನೀರು: ಬಾಯಾರಿದಾಗ ಒಳ್ಳೆಯ ನೀರು ಹತ್ತಿರದಲ್ಲಿಯೇ ಸಿಕ್ಕರೆ ಬಾಟಲಿಯ ಪಾನೀಯ ಕೊಳ್ಳುವ ಅಗತ್ಯ ಬೀಳುವುದಿಲ್ಲ.

ತಟ್ಟೆ: ತುಂಗಭದ್ರಾ ಕಾಲುವೆ ಬಂದ ಮೇಲೆ ಜೋಳದ ಸೀಮೆಯಲ್ಲಿ ಭತ್ತವೂ ಬೆಳೆಯಿತು. ಅನ್ನ ಕೆಟ್ಟದ್ದಲ್ಲ. ಆದರೆ ಬರಿಯ ಬಿಳಿ ಅನ್ನ ಬೇಗ ಸಕ್ಕರೆಯಾಗುತ್ತದೆ. ಅದರ ಜೊತೆ ಬೇಳೆ, ಕಾಳು, ಸೊಪ್ಪು, ಮೊಟ್ಟೆ ಇದ್ದರೆ ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ.

ನಿದ್ದೆ ಮತ್ತು ಗಾಳಿ: ರಾತ್ರಿ ಸೆಕೆ, ಸದ್ದು, ಸೊಳ್ಳೆಗಳಿಂದ ನಿದ್ದೆ ಕೆಟ್ಟರೆ ಇನ್ಸುಲಿನ್ ಕೆಲಸವೂ ಕೆಡುತ್ತದೆ. ದೆಹಲಿ ಮತ್ತು ಚೆನ್ನೈಗಳಲ್ಲಿ ವಯಸ್ಕರ ಮೇಲೆ ನಡೆದ ಅಧ್ಯಯನವೊಂದು, ಗಾಳಿಯಲ್ಲಿ ಸೂಕ್ಷ್ಮ ದೂಳು ಹೆಚ್ಚಿರುವ ಕಡೆ ಮಧುಮೇಹವೂ ಹೆಚ್ಚು ಎಂದು 2023ರಲ್ಲಿ ತಿಳಿಸಿತು.

ಇವೆಲ್ಲ ‘ಅಪಾಯ’ವನ್ನು ಹೆಚ್ಚಿಸುತ್ತವೆ. ಅಪಾಯ ಎಂದರೆ ಕಾಯಿಲೆ ಖಂಡಿತ ಎಂದಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಎಲ್ಲರೂ ಬೀಳುವುದಿಲ್ಲ, ಆದರೆ ಬೀಳುವವರು ಹೆಚ್ಚುತ್ತಾರೆ. ಬಿದ್ದವರನ್ನು ಬೈಯುವುದಕ್ಕಿಂತ ಗುಂಡಿ ಮುಚ್ಚುವುದು ಒಳ್ಳೆಯದಲ್ಲವೇ? ಓಣಿಯನ್ನು ಬದಲಿಸಲು ಸಾಧ್ಯವಿದೆ. ನಿಮ್ಮ ಶಾಲೆಯ ಬಿಸಿಯೂಟವನ್ನೇ ನೋಡಿ. ‘ಅಕ್ಷರ ದಾಸೋಹ’ ಯೋಜನೆಯನ್ನು 2002ರಲ್ಲಿ ಮೊದಲು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ರಾಯಚೂರು ಕೂಡ ಒಂದು. ಈಗ ಬಿಸಿಯೂಟವಿಲ್ಲದ ಶಾಲೆಯನ್ನು ನೀವು ಊಹಿಸಿಕೊಳ್ಳಲೂ ಆರಿರಿ!

ನಿಮ್ಮ ತರಗತಿಯಲ್ಲಿ ಒಬ್ಬ ಗೆಳೆಯನಿಗೆ ಮಧುಮೇಹವಿದ್ದರೆ

ಮೊದಲನೆಯ ಬಗೆಯ ಮಧುಮೇಹವನ್ನು ಓಣಿ ತರುವುದಿಲ್ಲ, ನಿಜ. ಆದರೆ ಅದು ಬಂದ ಮಗು ಚೆನ್ನಾಗಿ ಬದುಕಲು ಓಣಿ ಮತ್ತು ಶಾಲೆ ನೆರವಾಗಬಲ್ಲವು. ಅದಕ್ಕೆ ಮೂರು ಸಂಗತಿ ತಿಳಿದಿರಬೇಕು.

ಒಂದು, ಗುರುತಿಸುವುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಸುಸ್ತು, ದೊಡ್ಡ ಮಗು ಮತ್ತೆ ಹಾಸಿಗೆಯಲ್ಲಿ ಮೂತ್ರ ಮಾಡುವುದು ಇದರ ಲಕ್ಷಣಗಳು. ನಮ್ಮ ಬಿಸಿಲಿನ ನಾಡಿನಲ್ಲಿ ಬಾಯಾರಿಕೆಯನ್ನು ‘ಬಿಸಿಲಿಗೆ ಹಾಗಾಗುತ್ತದೆ’ ಎಂದು ಬಿಟ್ಟುಬಿಡುವ ಸಂಭವ ಹೆಚ್ಚು. ಈ ಲಕ್ಷಣಗಳು ಒಟ್ಟಿಗೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆರಳ ತುದಿಯ ಒಂದು ಹನಿ ರಕ್ತದಿಂದ ಪರೀಕ್ಷೆ ಮುಗಿಯುತ್ತದೆ. ತಡವಾದರೆ ಜೀವಕ್ಕೆ ಅಪಾಯ.

ಎರಡು, ಇನ್ಸುಲಿನ್ ಕಾಪಾಡುವುದು. ಇನ್ಸುಲಿನ್ ಬಿಸಿಗೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಏನು ಮಾಡುವುದು? ನಿಮ್ಮ ಮನೆಯ ಮಣ್ಣಿನ ಮಡಕೆ ಇಲ್ಲಿ ನೆರವಿಗೆ ಬರುತ್ತದೆ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಒಳಗೆ ತಂಪಾಗುತ್ತದೆ. ನಮ್ಮ ಒಣ ಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಇನ್ಸುಲಿನ್ ಶೀಶೆಗೆ ನೀರು ತಾಗದಂತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಮಡಕೆಯೊಳಗೆ ಇಡುವ ಕ್ರಮವನ್ನು ವೈದ್ಯರನ್ನು ಕೇಳಿ ಅನುಸರಿಸಬಹುದು.

ಮೂರು, ಸಕ್ಕರೆ ಇಳಿದಾಗ ನೆರವಾಗುವುದು. ಇನ್ಸುಲಿನ್ ತೆಗೆದುಕೊಂಡ ಮಗು ಊಟ ತಡಮಾಡಿದರೆ ಅಥವಾ ಬಹಳ ಆಡಿದರೆ ರಕ್ತದ ಸಕ್ಕರೆ ತೀರ ಕಡಿಮೆಯಾಗಬಹುದು. ಆಗ ಕೈ ನಡುಗುತ್ತದೆ, ಬೆವರು ಬರುತ್ತದೆ, ಮಾತು ತಡವರಿಸುತ್ತದೆ. ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಶಿಕ್ಷಕರನ್ನು ಕರೆಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿಸಬೇಕು. ಅಂಥ ಗೆಳೆಯ ಪಾಠದ ನಡುವೆ ತಿಂಡಿ ತಿಂದರೆ, ಶೌಚಾಲಯಕ್ಕೆ ಎದ್ದು ಹೋದರೆ ನಗಬೇಡಿ. ‘ಸಿಹಿ ತಿಂದು ತಿಂದು ಬಂತು’ ಎಂದು ಯಾರಾದರೂ ಹೇಳಿದರೆ, ಅದು ತಪ್ಪು ಎಂದು ತಿಳಿಸಿ ಹೇಳಿ. ಅವನನ್ನು ಆಟಕ್ಕೆ ಸೇರಿಸಿಕೊಳ್ಳಿ.

ಮಾಡಿ ನೋಡಿ: ನಿಮ್ಮ ಓಣಿಯ ನಕ್ಷೆ

ನಾಲ್ಕೈದು ಮಂದಿ ಸೇರಿ ಒಂದು ತಂಡ ಮಾಡಿಕೊಳ್ಳಿ. ಶಾಲೆಯನ್ನು ಹಾಳೆಯ ನಡುವೆ ಬರೆಯಿರಿ. ಶಾಲೆಯಿಂದ ನಾಲ್ಕೂ ದಿಕ್ಕಿಗೆ 500 ಹೆಜ್ಜೆ ನಡೆಯಿರಿ. ದೊಡ್ಡ ರಸ್ತೆ ದಾಟುವುದಿದ್ದರೆ ಹಿರಿಯರನ್ನು ಕರೆದುಕೊಂಡು ಹೋಗಿ.

1. ಆಟ ಆಡಬಹುದಾದ ಜಾಗಕ್ಕೆ ಹಸಿರು ಬಣ್ಣ ಹಚ್ಚಿ. ಅಲ್ಲಿ ನೆರಳಿದೆಯೇ, ಕಸ ಮುಳ್ಳು ಇವೆಯೇ ಬರೆಯಿರಿ.
2. ಕುಡಿಯುವ ನೀರು ಸಿಗುವ ಜಾಗಕ್ಕೆ ನೀಲಿ ಚುಕ್ಕೆ ಇಡಿ.
3. ಹಣ್ಣು, ತರಕಾರಿ, ಕಾಳು ಸಿಗುವ ಅಂಗಡಿಗೆ ಹಳದಿ ಚುಕ್ಕೆ, ಪೊಟ್ಟಣದ ತಿಂಡಿ ಮತ್ತು ಬಾಟಲಿ ಪಾನೀಯ ಮಾತ್ರ ಸಿಗುವ ಅಂಗಡಿಗೆ ಕೆಂಪು ಚುಕ್ಕೆ ಇಡಿ.
4. ವಾಹನಗಳ ಭಯದಿಂದ ನಡೆಯಲು ಕಷ್ಟವಾಗುವ ಕಡೆ ಅಡ್ಡಗೆರೆ ಎಳೆಯಿರಿ.
5. ಖಾಲಿ ಪೊಟ್ಟಣಗಳನ್ನು ತಂದು, ಅವುಗಳ ಮೇಲೆ ಅಚ್ಚಾದ ಸಕ್ಕರೆಯ ಗ್ರಾಂಗಳನ್ನು 4ರಿಂದ ಭಾಗಿಸಿ. ಎಷ್ಟು ಚಮಚ ಎಂದು ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೆಯಿರಿ.

ಈಗ ನಕ್ಷೆಯನ್ನು ದೂರದಿಂದ ನೋಡಿ. ಯಾವ ಬಣ್ಣ ಹೆಚ್ಚು? ಕಲ್ಲೂರು, ಮಾನ್ವಿ, ದೇವದುರ್ಗ, ರಾಯಚೂರು ನಗರದ ಮಕ್ಕಳು ತಮ್ಮ ತಮ್ಮ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೊಂದು ವಿಷಯ ತಿಳಿಯಬಹುದು!

ನಕ್ಷೆಯನ್ನು ಗೋಡೆಗೆ ಅಂಟಿಸಿ ಸುಮ್ಮನಾಗಬೇಡಿ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳಿಗಾಗಿಯೇ ‘ಮಕ್ಕಳ ಗ್ರಾಮ ಸಭೆ’ ನಡೆಸುತ್ತವೆ. ಹೆಚ್ಚಾಗಿ ಅವು ಶುರುವಾಗುವುದು ನವೆಂಬರ್ ತಿಂಗಳಿನಲ್ಲಿ, ಮಕ್ಕಳ ದಿನಾಚರಣೆಯ ಹೊತ್ತಿಗೆ. ಅಲ್ಲಿಗೆ ನಿಮ್ಮ ನಕ್ಷೆ ತೆಗೆದುಕೊಂಡು ಹೋಗಿ. ಆಟದ ಬಯಲಿನ ಮುಳ್ಳು ತೆಗೆಸಿ ಎಂದು ಕೇಳಿ. ಎರಡು ಬೇವಿನ ಸಸಿ ನೆಡಿಸಿ, ನೀರಿನ ನಲ್ಲಿ ಸರಿಮಾಡಿಸಿ ಎಂದು ಕೇಳಿ. ಸದಸ್ಯರು ‘ಯಾಕ ಬೇಕವ್ವ ಇದೆಲ್ಲ?’ ಎಂದು ಕೇಳಿದರೆ ಏನು ಹೇಳುತ್ತೀರಿ?

ಕಾಲುವೆ, ತೂಬು, ಹೊಲದ ಕಥೆ ಹೇಳಿ. ಅವರಿಗೆ ಬೇಗ ತಿಳಿಯುತ್ತದೆ.